ಹಕಾರವಿಲ್ಲದ ಹುಣಸೆ

ಮಧುಗಿರಿಯಲ್ಲಿ ಹಾಲೇಶನನ್ನು ಹಾಲೇಶ ಎಂದು ಕರೆಯುತ್ತಿದ್ದವನು ಒಬ್ಬನೇ, ಅವನೇ ಹಾಲೇಶ. ಮಿಕ್ಕವರಿಗೆಲ್ಲ ಅವನು ಆಲೇಶ, ಆಲೇಶಣ್ಣ, ಸಿಟ್ಟು ಬಂದಾಗ ಆಲೇಶಿ. ನಮ್ಮ ಸೀಮೆಯ ನಾಲಿಗೆಗೂ ಹಕಾರಕ್ಕೂ ಏನೋ ಹಳೇ ಜಗಳ. ಸಿರಾದಿಂದ ಹಿಡಿದು ಪಾವಗಡದ ಗಡಿಯವರೆಗೆ ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಹಾವು ಕಂಡವನು 'ಆವು, ಆವು' ಎಂದು ಕೂಗಿದರೂ ಜನ ದೊಣ್ಣೆ ಹಿಡಿದು ಓಡಿಬರುತ್ತಾರೆ. ಹಕಾರ ಇಲ್ಲವೆಂದು ಹಾವೇನೂ ಕಚ್ಚದೆ ಬಿಡುವುದಿಲ್ಲವಲ್ಲ.

ಹಾಲೇಶನ ಕಸುಬು ಬೋರ್ಡು ಬರೆಯುವುದು. ಊರಿನ ಬಾಯಿಂದ ಉದುರಿಬಿದ್ದ ಹಕಾರಗಳನ್ನೆಲ್ಲ ಹೆಕ್ಕಿ ತಗಡಿನ ಮೇಲೆ ನಿಲ್ಲಿಸುವುದು ತನ್ನ ಜನ್ಮದ ಕರ್ತವ್ಯವೆಂದು ಅವನು ನಂಬಿದ್ದ. 'ಓಟ್ಲು' ಎಂದವನಿಗೆ ಹೋಟೆಲ್ ಎಂದು, 'ಆರ್ಡ್‌ವೇರ್' ಎಂದವನಿಗೆ ಹಾರ್ಡ್‌ವೇರ್ ಎಂದು, ಮುದ್ದಾಗಿ, ಕೆಂಪಕ್ಷರಕ್ಕೆ ಕರಿ ಶೇಡು ಕೊಟ್ಟು ಬರೆಯುತ್ತಿದ್ದ. ಇದು ಅವನಿಗೆ ಅಪ್ಪನಿಂದ ಬಂದ ಆಸ್ತಿ. ಕೊರಟಗೆರೆ ಕಡೆಯ ಶಾಲೆಯೊಂದರಲ್ಲಿ ಜವಾನನಾಗಿದ್ದ ಅಪ್ಪ, ಬಾಗಿಲಲ್ಲಿ ನಿಂತೇ ಕನ್ನಡ ಪಾಠ ಕೇಳಿಸಿಕೊಂಡು, ಸಂಜೆ ಮನೆಗೆ ಬಂದು ಮಗನ ಕಿವಿ ಹಿಂಡಿ 'ಹ' ಅನ್ನಿಸುತ್ತಿದ್ದ. ಕಿವಿ ಹಿಂಡಿದಾಗ ಯಾರಿಗಾದರೂ 'ಹಾ' ಅನ್ನುವುದು ತಾನಾಗೇ ಬರುತ್ತದೆ. ಹಾಗೆ ಕಲಿತ ವಿದ್ಯೆ ಅದು.

ಇಂಥ ಹಾಲೇಶ ಬಾಳಿನಲ್ಲಿ ಒಂದೇ ಒಂದು ಬೋರ್ಡನ್ನು ತಪ್ಪಾಗಿ ಬರೆದ. ಬೇಕೆಂದೇ ಬರೆದ. ಆ ತಪ್ಪಿನಿಂದ ಅವನ ಗೆಳೆಯ ಊರಿಗೆ ದೊಡ್ಡ ಮನುಷ್ಯನಾದ. ಹಾಲೇಶನ ಹೊಟ್ಟೆಯುರಿಯ ಕಥೆ ಇಷ್ಟೇ. ಆದರೆ ಉರಿ ಅಂದಮೇಲೆ ಸೌದೆ ಎಲ್ಲಿಂದ ಬಂತು ಅನ್ನುವುದನ್ನೂ ಹೇಳಬೇಕಲ್ಲ.

ಗೆಳೆಯನ ಹೆಸರು ಮೂಡಲಗಿರಿಯಪ್ಪ. ಸಿರಾ ತಾಲ್ಲೂಕು ತಾವರೆಕೆರೆ ಹೋಬಳಿಯ ಹುಡುಗ. ಮಧುಗಿರಿಯ ಹಾಸ್ಟೆಲ್ಲಿನಲ್ಲಿ ಇಬ್ಬರ ಟ್ರಂಕುಗಳೂ ಅಕ್ಕಪಕ್ಕ ಇದ್ದವು. ಹಾಲೇಶನ ಟ್ರಂಕಿನಲ್ಲಿ ಬಣ್ಣದ ಡಬ್ಬಿ, ಮೂಡಲಗಿರಿಯ ಟ್ರಂಕಿನಲ್ಲಿ ಹುಣಸೆಹಣ್ಣು. ಊರಿಗೆ ಹೋದಾಗಲೆಲ್ಲ ಒಂದು ಗಂಟು ತಂದು, ಉಪ್ಪು, ಜೀರಿಗೆ, ಒಣಮೆಣಸಿನಕಾಯಿ ಸೇರಿಸಿ ಕುಟ್ಟಿ, ಕಡ್ಡಿಗೆ ಚುಚ್ಚಿ ಚಿಗಳಿ ಮಾಡಿ ಇಡೀ ಹಾಸ್ಟೆಲ್ಲಿಗೆ ಹಂಚುತ್ತಿದ್ದ. ಹಾಲು ಹೆಸರಿನವನೊಬ್ಬ, ಹುಳಿ ಕಸುಬಿನವನೊಬ್ಬ. ಹಾಲಿಗೆ ಹುಳಿ ಬಿದ್ದರೆ ಏನಾಗುತ್ತದೆಂದು ಅಡುಗೆಮನೆ ಕಂಡವರಿಗೆಲ್ಲ ಗೊತ್ತು. ಆದರೆ ಆಗಿನ್ನೂ ಹಾಲು ಕಾಯ್ದಿರಲಿಲ್ಲ.

ಮೂಡಲಗಿರಿಗೆ ಹಕಾರವೂ ಇರಲಿಲ್ಲ, ಅಹಂಕಾರವೂ ಇರಲಿಲ್ಲ. ಹಾಲೇಶನಿಗೆ ಎರಡೂ ಇದ್ದವು. ತಾನು ಡ್ರಾಯಿಂಗ್ ಮೇಷ್ಟ್ರಾಗುತ್ತೇನೆ, ಬಿಳೀ ಪ್ಯಾಂಟು ಹಾಕಿ ಸ್ಕೂಟರಿನಲ್ಲಿ ಶಾಲೆಗೆ ಹೋಗುತ್ತೇನೆ ಎಂದು ಹೈಸ್ಕೂಲಿನಲ್ಲೇ ಘೋಷಿಸಿಬಿಟ್ಟಿದ್ದ. ನೀನೇನಾಗ್ತೀಯಾ ಎಂದರೆ ಮೂಡಲಗಿರಿ ಚಿಗಳಿ ಚೀಪುತ್ತ, "ಏನೋ ಒಂದ್ ಆಯ್ತೀನಿ ಬುಡ್ಲಾ," ಅನ್ನುತ್ತಿದ್ದ.

ಎಸ್ಸೆಸ್ಸೆಲ್ಸಿಯಲ್ಲಿ ಮೂಡಲಗಿರಿ ಫೇಲಾದ, ಅದೂ ಕನ್ನಡದಲ್ಲಿ. ಹಾಲೇಶನ ಸ್ನೇಹ ಅತ್ಯಂತ ಉಕ್ಕಿ ಹರಿದದ್ದು ಆ ಬೇಸಿಗೆಯಲ್ಲಿ. ಬಸ್ಸು ಹತ್ತಿ ತಾವರೆಕೆರೆ ಕಡೆಗೆ ಹೋಗಿ, ಗೆಳೆಯನ ಮನೆಯಲ್ಲಿ ಉಳಿದು, ಮುದ್ದೆ ಉಂಡು, ಪಾಠ ಹೇಳಿಕೊಟ್ಟ. ಗೆಳೆಯ ಫೇಲಾದಾಗ ಉಕ್ಕುವ ಕರುಣೆಯಂಥ ಸುಖ ಲೋಕದಲ್ಲಿ ಇನ್ನೊಂದಿಲ್ಲ. ಮೂಡಲಗಿರಿ ಮರುಪರೀಕ್ಷೆಯಲ್ಲಿ ಪಾಸಾಗಿ ಓಡಿಬಂದು ತಬ್ಬಿಕೊಂಡಾಗ ಹಾಲೇಶನಿಗೆ ಎದೆಯಲ್ಲಿ ಸಣ್ಣಗೆ ಏನೋ ಚುರುಕ್ ಎಂದಿತು. ಆಗ ಅದು ಏನೆಂದು ತಿಳಿಯಲಿಲ್ಲ. ಬಿಸಿಲು ಇರಬೇಕು ಅಂದುಕೊಂಡ.

ಡ್ರಾಯಿಂಗ್ ಮೇಷ್ಟರ ಕೆಲಸ ಹಾಲೇಶನಿಗೆ ಆಗಲಿಲ್ಲ. ಕೋರ್ಸು ಮುಗಿಸಿದ, ಅರ್ಜಿ ಹಾಕಿದ, ಕರೆ ಬರಲೇ ಇಲ್ಲ. ಚಿತ್ರ ಬರೆಯಬೇಕಾದವನು ಬೋರ್ಡು ಬರೆಯಲು ಕೂತ. ಕೂತಮೇಲೆ ಚೆನ್ನಾಗಿಯೇ ಕೂತ. ಬೆಟ್ಟದ ಕೆಳಗೆ ಒಂದು ಮಳಿಗೆ, ಕೊರಟಗೆರೆಯಿಂದ ಬಂದ ಹೆಂಡತಿ ಜ್ಯೋತಿಲಕ್ಷ್ಮಿ, ಕೈತುಂಬ ಕೆಲಸ. ಮದುವೆ ಸೀಸನ್ನಿನಲ್ಲಿ ಬಣ್ಣ ಒಣಗಲೂ ಪುರುಸೊತ್ತಿಲ್ಲದ ಕಾಲ. ಆಗೆಲ್ಲ ಮೂಡಲಗಿರಿ ಸೈಕಲ್ಲಿನ ಹಿಂದೆ ಹುಣಸೆ ಮೂಟೆ ಕಟ್ಟಿಕೊಂಡು ಸಂತೆ ಸಂತೆ ತಿರುಗುತ್ತಿದ್ದ. ದಾರಿಯಲ್ಲಿ ಸಿಕ್ಕರೆ ಹಾಲೇಶನೇ ಕರೆದು ಟೀ ಕುಡಿಸುತ್ತಿದ್ದ. ತಾನು ಕುಡಿಸಿದ ಟೀ ಅವನಿಗೆ ಬಲು ರುಚಿಯಾಗಿರುತ್ತಿತ್ತು.

ಆಮೇಲೆ ಮೂಡಲಗಿರಿ ಸೈಕಲ್ ಬಿಟ್ಟು ಟಿವಿಎಸ್ ಹತ್ತಿದ, ಟಿವಿಎಸ್ ಬಿಟ್ಟು ಟೆಂಪೋ ಹತ್ತಿದ. ಹಾಲೇಶನ ಟೀಯಲ್ಲಿ ಸಕ್ಕರೆ ಕಡಿಮೆಯಾಗತೊಡಗಿತು. ಹೂ ಬಿಟ್ಟ ಕಾಲದಲ್ಲೇ ಮರಗಳನ್ನು ಗುತ್ತಿಗೆ ಹಿಡಿಯುವುದು, ಸುಗ್ಗಿಯಲ್ಲಿ ಬಡಿಸಿ ತಂದು ಹೆಂಗಸರ ಕೈಲಿ ಬೀಜ ಬಿಡಿಸುವುದು, ಹೀಗೆ ಗೆಳೆಯ ಕೈಕಾಲು ಚಾಚಿದಷ್ಟೂ ಹಾಲೇಶನಿಗೆ ತನ್ನ ಮಳಿಗೆ ಇಕ್ಕಟ್ಟಾದಂತೆ ಕಂಡಿತು. ಮಳಿಗೆಯ ಅಳತೆ ಇದ್ದಷ್ಟೇ ಇತ್ತು.

ಒಂದು ವರ್ಷ ಅಕಾಲಿಕ ಮಳೆ ಬಂದು ಮೂಡಲಗಿರಿಯ ಗೋಡೌನಿನ ಶೀಟು ಹಾರಿತು. ಇಟ್ಟ ಹುಣಸೆಯೆಲ್ಲ ನೆನೆದು, ಹುಳಿತು, ಕರಿ ಅಂಟಾಯಿತು. ಹಾಲೇಶ ಮೊದಲ ಬಸ್ಸಿಗೇ ಹೋಗಿ ಸಮಾಧಾನ ಹೇಳಿದ. "ಹೋಗ್ಲಿ ಬಿಡೋ, ಆರೋಗ್ಯ ಚೆನ್ನಾಗಿದ್ರೆ ಎಲ್ಲ ಇದ್ದಂಗೆ," ಎಂದ. ಅವತ್ತು ಮನೆಗೆ ಬಂದು ಒಂದು ಮುದ್ದೆ ಹೆಚ್ಚಿಗೆ ಹಾಕಿಸಿಕೊಂಡ. ಜ್ಯೋತಿಲಕ್ಷ್ಮಿ ಬಡಿಸುತ್ತ, "ಏನೂಂದ್ರೆ, ಸಾವಿನ ಮನೇಗ್ ಹೋಗ್ಬಂದಂಗೆ ಹೋಗಿ ಮದ್ವೆ ಮನೇಲಿ ಉಂಡಂಗ್ ಉಣ್ತಿದೀರಲ್ಲ?" ಎಂದಳು. ಹಾಲೇಶ ಇನ್ನೊಂದು ಸೌಟು ಸಾರು ಕೇಳಿದ.

ಆ ಸಂತೋಷವೂ ಬಾಳಲಿಲ್ಲ. ಮೂಡಲಗಿರಿ ಆ ಕರಿ ಅಂಟನ್ನೆಲ್ಲ ಉಂಡೆ ಕಟ್ಟಿಸಿ, ಹಬ್ಬದ ಹಿಂದಿನ ವಾರ ಸಂತೆಗೆ ತಂದ. ಹಿತ್ತಾಳೆ ತಾಮ್ರ ಬೆಳಗಲು, ದೇವಸ್ಥಾನದ ದೀಪ ಉಜ್ಜಲು. ಹಾಲೇಶ ನೋಡುತ್ತಿದ್ದಂತೆಯೇ ಹೆಂಗಸರು ಮುಗಿಬಿದ್ದು ಕೊಂಡರು.

"ತಿನ್ನಕ್ ಬರಾಕಿಲ್ಲ ಅಂದ್ರೆ ತಿಕ್ಕಕ್ ಬತ್ತದಲ್ವೇನ್ಲಾ," ಅಂದ ಮೂಡಲಗಿರಿ ನಗುತ್ತ.

ಈ ಪ್ರಾಸ ತನಗೆ ಹೊಳೆಯಬೇಕಿತ್ತು ಅನ್ನುವುದು ಹಾಲೇಶನ ಮೊದಲ ಸಂಕಟ. ಮಾಲು ಖರ್ಚಾದದ್ದು ಎರಡನೆಯದು.

ಇನ್ನು ಬೋರ್ಡಿನ ವಿಚಾರ. ಮಧುಗಿರಿಗೆ ಫ್ಲೆಕ್ಸ್ ಯಂತ್ರ ಬಂತು. ಫ್ಲೆಕ್ಸ್ ಅಂದರೆ ಬಗ್ಗುವುದು ಅಂತೆ ಇಂಗ್ಲಿಷಿನಲ್ಲಿ. ಬಗ್ಗಿದ್ದು ಮಾತ್ರ ಹಾಲೇಶನ ಬೆನ್ನು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಬೋರ್ಡು ಸಿದ್ಧ, ಜೊತೆಗೆ ಮಾಲೀಕನ ಫೋಟೋ ಬೇರೆ. ಹಾಲೇಶನ ಕುಂಚಗಳು ಸೀಮೆಎಣ್ಣೆ ಡಬ್ಬಿಯಲ್ಲಿ ಕೂತೇ ಒಣಗಿದವು. ಅದೇ ವಾರ ಟೆಂಪೋ ಮಳಿಗೆ ಮುಂದೆ ನಿಂತಿತು. ಮೂಡಲಗಿರಿ ಇಳಿದ.

"ಆಲೇಶ, ಸಿರಾ ರೋಡ್ನಾಗೆ ಅಂಗಡಿ ಮಾಡ್ತಿವ್ನಿ ಕಣ್ಲಾ. ಬೋರ್ಡ್ ಬರ್ಕೊಡು."

"ಫ್ಲೆಕ್ಸ್ ಹಾಕ್ಸು. ಊರೆಲ್ಲ ಅದೇ ಹಾಕ್ಸ್ತಿರೋದು."

"ಊರ್ ಆಕುಸ್ಕಳ್ಲಿ. ನಂಗೆ ನೀನೇ ಬರೀಬೇಕು. ಪಾಪ, ನಿಂಗೂ ಕೆಲ್ಸ ಇಲ್ವಂತಲ್ಲ."

ಆ 'ಪಾಪ' ಅನ್ನುವ ಮಾತು! ಹಾಸ್ಟೆಲ್ಲಿನಿಂದ ಆವತ್ತಿನವರೆಗೆ 'ಪಾಪ' ಅನ್ನುವ ಹಕ್ಕು ಹಾಲೇಶನೊಬ್ಬನದೇ ಆಗಿತ್ತು. ಅದನ್ನೂ ಈ ಹುಳಿಯವನು ಕಿತ್ತುಕೊಂಡ. ಹಾಲೇಶ ಹಲ್ಲು ಕಚ್ಚಿ, ಮೆಲ್ಲಗೆ ನಕ್ಕು ಕೇಳಿದ: "ಏನಂತ ಬರೀಲಿ? ಬಾಯ್ಬಿಟ್ಟು ಹೇಳು."

"ಇನ್ನೇನಂತಾರೆ? ಮೂಡ್ಲಗಿರಿ ಉಣಸೆ ಅಣ್ಣು."

"ಇನ್ನೊಂದ್ಸಲ ಹೇಳು."

"ಉಣಸೆ ಅಣ್ಣು ಕಣ್ಲಾ! ಕಿವಿ ಕೇಳ್ಸಾಕಿಲ್ವಾ?"

ಹಾಲೇಶನಿಗೆ ಚೆನ್ನಾಗಿಯೇ ಕೇಳಿಸಿತ್ತು. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆದ. ದಾರಕ್ಕೆ ಸೀಮೆಸುಣ್ಣ ಸವರಿ ಗೆರೆ ಹೊಡೆದು, ಹಸಿರು ತಗಡಿನ ಮೇಲೆ ಹಳದಿ ಅಕ್ಷರ, ಕಂದು ಶೇಡು: ಮೂಡಲಗಿರಿ ಉಣಸೆ ಅಣ್ಣು. ಅವನ ಬಾಳಿನಲ್ಲೇ ಅಷ್ಟು ಚೆಂದದ ಅಕ್ಷರ ಬಿದ್ದಿರಲಿಲ್ಲ. ಪ್ರೀತಿಯಿಂದ ಬರೆದ ಬೋರ್ಡಿನಲ್ಲಿ ಕೈ ನಡುಗುತ್ತದೆ. ಕಿಚ್ಚಿನಿಂದ ಬರೆದದ್ದು ಕೊರೆದಂತೆ ಬರುತ್ತದೆ. ನಗಲಿ ಊರು, ಅಂದುಕೊಂಡ. ಹ ಬರದವನ ಅಂಗಡಿ ಅಂತ ಹಹ್ಹಹ್ಹ ಎಂದು ನಗಲಿ.

ಊರು ನಕ್ಕಿತು. ಕಾಲೇಜು ಹುಡುಗರು ಬೋರ್ಡಿನ ಕೆಳಗೆ ನಿಂತು "ಉಣಸೆ ಅಣ್ಣೋ" ಎಂದು ಕೂಗಿ ಓಡಿದರು. ಕನ್ನಡ ಉಪನ್ಯಾಸಕರೊಬ್ಬರು ಅಂಗಡಿಗೇ ಬಂದು ಭಾಷೆಯ ಅವನತಿಯ ಬಗ್ಗೆ ಬೇಸರ ವ್ಯಕ್ತಪಡಿಸಿ, ಹೋಗುವಾಗ ಅರ್ಧ ಕೇಜಿ ಕಟ್ಟಿಸಿಕೊಂಡು ಹೋದರು. ಸಿರಾದಿಂದ ಬಂದ ವ್ಯಾಪಾರಿ ಸಾಬರು ಮಾತ್ರ ತಲೆಯೆತ್ತಿ ಓದಿ, "ಅರೆ ಭಾಯ್, ಇಷ್ಟು ವರ್ಷಕ್ಕೆ ಒಬ್ಬ ಸರಿಯಾಗಿ ಬರ್ದಿದ್ದಾನೆ ನೋಡು," ಎಂದರು.

ಸಾಬರ ಮಾತೇ ನಿಂತಿತು. ಸಂತೆಗೆ ಬರುವ ಹೆಂಗಸರು, ವಯಸ್ಕರ ಶಿಕ್ಷಣದಲ್ಲಿ ಅಷ್ಟೋ ಇಷ್ಟೋ ಅಕ್ಷರ ಕಲಿತವರು, ಬೋರ್ಡಿನ ಮುಂದೆ ನಿಂತು ಉ, ಣ, ಸೆ ಎಂದು ಕೂಡಿಸಿ, "ಅಯ್ಯೋ, ನಾವನ್ನೋದ್ ಇದೇ ಅಲ್ವೇನಮ್ಮಿ!" ಎಂದು ಒಬ್ಬರನ್ನೊಬ್ಬರು ತಿವಿದು ಒಳಗೆ ಹೋದರು. ಯಾರೋ ಫೋಟೋ ತೆಗೆದು ಮೊಬೈಲಿನಲ್ಲಿ ಹರಿಯಬಿಟ್ಟರು. 'ಉಣ್ಣೋರಿಗೆ ಉಣಸೆ' ಎಂದು ಇನ್ಯಾರೋ ಕೆಳಗೆ ಬರೆದರು. ಹಳ್ಳಿಯ ಅಸಲಿ ಮಾಲು ಬೇಕೆನ್ನುವ ಪೇಟೆ ಜನ ಆ ಹೆಸರನ್ನೇ ಹೇಳಿ ಹುಡುಕಿಕೊಂಡು ಬಂದರು. ಮೂಡಲಗಿರಿ ಪ್ಯಾಕೆಟ್ ಮಾಡಿಸಿದ. ಪ್ಯಾಕೆಟ್ಟಿನ ಮೇಲೆ ಹಾಲೇಶನ ಕೈಬರಹವನ್ನೇ ಅಚ್ಚು ಹಾಕಿಸಿದ: ಉಣಸೆ. ಹಾಲೇಶ ಹಿಂಡಿದ ಹುಳಿ ಗೆಳೆಯನ ಸಾರಿಗೇ ಬಿತ್ತು, ಸಾರು ರುಚಿಯಾಯಿತು.

ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾರದ್ದು ಮೂಡಲಗಿರಿಯ ಕೃತಜ್ಞತೆ. "ಇದೆಲ್ಲ ನಮ್ ಆಲೇಶನ್ ತಲೆ ಸ್ವಾಮೀ," ಎಂದು ಕಂಡಕಂಡವರಿಗೆ ಹೇಳಿದ. ವರ್ಷಕ್ಕೊಮ್ಮೆ ಕೆಲಸದ ಹೆಂಗಸರಿಗೆ ಸೀರೆ ಕೊಡುವ ಸಮಾರಂಭದಲ್ಲಿ ಹಾಲೇಶನನ್ನು ವೇದಿಕೆ ಹತ್ತಿಸಿ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೋ ತೆಗೆಸಿದ. ಆ ಫೋಟೋಗಳಲ್ಲೆಲ್ಲ ಹಾಲೇಶ ಹಲ್ಲುನೋವಿನವನಂತೆ ನಗುತ್ತಿದ್ದಾನೆ. ತಾನು ಮಾಡಿದ ಕೇಡಿಗೆ ಚಪ್ಪಾಳೆ ಬೀಳುವಾಗ ಮುಖವನ್ನು ಎಲ್ಲಿಡಬೇಕೆಂದು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ಬೀರುವಿನಲ್ಲಿ ಶಾಲುಗಳು ಏರುತ್ತಾ ಹೋದವು. ಜ್ಯೋತಿಲಕ್ಷ್ಮಿ ಅವುಗಳಲ್ಲೊಂದನ್ನು ಮಿಕ್ಸಿಗೆ ಮುಚ್ಚಿದಳು.

ಹಾಗೆಂದು ಹಾಲೇಶ ಕೈಕಟ್ಟಿ ಕೂತವನಲ್ಲ. ಫ್ಲೆಕ್ಸ್ ಒದ್ದ ಕಡೆಯಿಂದ ಎದ್ದು ಶಾಲೆಗಳ ಗೋಡೆಗೆ ಹೋದ, ಅಂಗನವಾಡಿಗಳಲ್ಲಿ ಆನೆ ನವಿಲು ಬರೆದ, ಟ್ರ್ಯಾಕ್ಟರುಗಳ ಹಿಂದೆ ತಾಯಿಯ ಆಶೀರ್ವಾದ ಬರೆದ. ಪಾವಗಡದ ಕಡೆ ಸೋಲಾರ್ ಪಾರ್ಕು ಎದ್ದಾಗ ಬೇಲಿಯುದ್ದಕ್ಕೂ 'ಅಪಾಯ' ಎಂದು ಬರೆಯುವ ಕೆಲಸ ಹಿಡಿದು ಮನೆಗೆ ಮಹಡಿ ಕಟ್ಟಿಸಿದ. ತಲೆಗೂದಲು ನೆರೆತರೂ ಕೈ ನಡುಗಲಿಲ್ಲ. ಮಗಳನ್ನು ಓದಿಸಿದ. ಅವನ ಬದುಕು ಯಾವ ಲೆಕ್ಕದಲ್ಲೂ ಸೋಲಲ್ಲ. ಸಿರಾ ರೋಡಿನ ಮೂಲಕ ಹಾದುಹೋಗುವಾಗ ಮಾತ್ರ ಅದು ಸೋಲಿನಂತೆ ಕಾಣುತ್ತಿತ್ತು. ಅದಕ್ಕೇ ಅವನು ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ ಎನ್ನುತ್ತಾರಲ್ಲ, ಹಾಗೆ.

ಇತ್ತೀಚೆಗೆ ಒಂದು ದಿನ ಮೂಡಲಗಿರಿಯ ಫೋನು ಬಂತು.

"ಆಲೇಶ, ತಿರುಮಣಿ ಅತ್ರ ದೊಡ್ ಶೆಡ್ ಆಕಿವ್ನಿ ಕಣ್ಲಾ. ಬೆಂಗ್ಳೂರಿನ್ ಕಂಪ್ನಿಯೋರು ಅವರಂಗಡೀಲೆಲ್ಲ ನಮ್ ಮಾಲ್ ಇಡ್ತೀವಿ ಅಂತವ್ರೆ. ಆದ್ರೆ ಎಸ್ರು ತಪ್ಪೈತೆ, ಸರಿ ಮಾಡ್ಸಿ ಅಂತವ್ರೆ. ನೀನ್ ಬಂದು ನೋಡು. ಎಸ್ರು ಕೊಟ್ಟೋನ್ ನೀನು. ನೀನ್ ಊಂ ಅಂದ್ರೆ ಬದ್ಲಾಯುಸ್ತೀನಿ, ಉಊಂ ಅಂದ್ರೆ ಇಲ್ಲ."

"ಬದಲಾಯಿಸದಿದ್ರೆ ಕಂಪ್ನಿಯವರು ಬಿಟ್ಟು ಹೋಗ್ತಾರಾ?"

"ಓದ್ರೆ ಓಯ್ತಾರೆ."

ಫೋನಿಟ್ಟ ಹಾಲೇಶನಿಗೆ ಆ ಹೊತ್ತು ಅನ್ನ ನೀರು ಬೇಡವಾಯಿತು, ಸಂತೋಷಕ್ಕೆ. ವಿಷಯ ಅವನಿಗೆ ಕನ್ನಡಿಯಷ್ಟು ಸ್ಪಷ್ಟ. ಹುಣಸೆ ಎಂದು ಸರಿಯಾಗಿ ಬರೆದ ಪ್ಯಾಕೆಟ್ಟುಗಳು ಬೆಂಗಳೂರಿನ ಅಂಗಡಿಗಳಲ್ಲಿ ಸಾಲುಸಾಲು ಇವೆ. ಆ ಸಾಲಿನಲ್ಲಿ ಮೂಡಲಗಿರಿಯದು ಇನ್ನೊಂದಾಗುತ್ತದೆ. ಹುಡುಕಿಕೊಂಡು ಬರುವವರು ಹುಡುಕುವುದು ಉಣಸೆಯನ್ನೇ ಹೊರತು ಹುಣಸೆಯನ್ನಲ್ಲ. ಒಂದೇ ಒಂದು 'ಹೂಂ', ಅಷ್ಟೇ ಸಾಕು. ಸರಿಯಾದ ಕನ್ನಡಕ್ಕಾಗಿ ಹೋರಾಡಿದ ಹೆಸರೂ ಬರುತ್ತದೆ, ಗೆಳೆಯ ಮತ್ತೆ ಸೈಕಲ್ಲಿಗೆ ಇಳಿಯದಿದ್ದರೂ ಟೆಂಪೋವರೆಗಾದರೂ ಇಳಿಯುತ್ತಾನೆ. ಆಮೇಲೆ ಕರೆದು ಟೀ ಕುಡಿಸಬಹುದು.

"ಒಳ್ಳೆ ಮಾತಾಡಿ ಬನ್ನಿ," ಅಂದಳು ಜ್ಯೋತಿಲಕ್ಷ್ಮಿ ಬಾಗಿಲಲ್ಲಿ.

"ಒಂದೇ ಮಾತು. ಅದೂ ವ್ಯಾಕರಣಶುದ್ಧವಾದದ್ದು," ಎಂದ ಹಾಲೇಶ.

ಬಸ್ಸು ಪಾವಗಡ ದಾಟಿ ತಿರುಮಣಿಯ ಕಡೆ ತಿರುಗಿತು. ಎರಡೂ ಕಡೆ ಕಣ್ಣು ಹರಿಯುವಷ್ಟು ದೂರ ಗಾಜಿನ ಹಲಗೆಗಳು ಸೂರ್ಯನಿಗೆ ಮುಖ ಕೊಟ್ಟು ಮಲಗಿದ್ದವು. ಜಮೀನು ಗುತ್ತಿಗೆಗೆ ಕೊಟ್ಟಮೇಲೆ ಕಳೆ ಕೀಳುವ ಕೆಲಸ ಇಲ್ಲದೆ ಕೂತಿದ್ದ ಸುತ್ತಲ ಹೆಂಗಸರನ್ನೆಲ್ಲ ಮೂಡಲಗಿರಿ ಶೆಡ್ಡಿಗೆ ಸೇರಿಸಿಕೊಂಡಿದ್ದ. ಬಾಗಿಲಲ್ಲೇ ಟಕ ಟಕ ಎಂದು ಬೀಜ ಕುಟ್ಟುವ ಸದ್ದು, ಮೂಗಿಗೆ ಬಡಿಯುವ ಹುಳಿ ವಾಸನೆ. ಮೂಡಲಗಿರಿಯ ಹೆಂಡತಿ ರಾಧಾಮಣಿ, ವಳ್ಳೂರಿನ ಹೆಣ್ಣು, ಅರ್ಧ ತೆಲುಗಿನಲ್ಲಿ ಎದುರುಗೊಂಡಳು.

"ರಾ ಅಣ್ಣಾ, ಕೂರ್ಚೋ. ನೀಳ್ಳು ತಾಗುತಾವಾ, ನೀರು ಬ್ಯಾಡಾಂದ್ರೆ ಮಜ್ಜಿಗೆ ಕೊಡ್ಲಾ? ನಮ್ ವದಿನೆ, ಜ್ಯೋತಿಲಕ್ಷ್ಮಕ್ಕ ಯಾಕ್ ಬರ್ಲಿಲ್ಲ?"

ಕಂಪನಿಯವರು ಕಳಿಸಿದ್ದ ಹುಡುಗ ಚೇತನ್ ಕುಮಾರ್, ತುಮಕೂರಿನವನು, ಅಕ್ಷರ ವಿನ್ಯಾಸದ ಕೆಲಸದವನು. ಹಾಲೇಶನನ್ನು ಕಂಡು ಎದ್ದು ನಿಂತು ನಮಸ್ಕರಿಸಿದ. ಮೂಡಲಗಿರಿ ಒಂದು ಮೂಟೆಯ ಮೇಲೆ ಕೂತು ಇಬ್ಬರನ್ನೂ ನೋಡುತ್ತಿದ್ದ. ಬೀಜ ಕುಟ್ಟುವ ಹೆಂಗಸರಲ್ಲಿ ಹಿರಿಯಳಾದ ದಾಸಮ್ಮ ಕೈಯ ಸುತ್ತಿಗೆ ನಿಲ್ಲಿಸಿ ಕತ್ತು ಚಾಚಿದಳು.

ಹುಡುಗ ಲ್ಯಾಪ್‌ಟಾಪ್ ತೆರೆದ. ಹಾಲೇಶ 'ಹೂಂ' ಅನ್ನಲು ಗಂಟಲು ಸರಿ ಮಾಡಿಕೊಂಡ.

ಪರದೆಯ ಮೇಲೆ ಬಂತು: ಹುಣಸೆ.

ಹಾಲೇಶನ ಗಂಟಲಲ್ಲೇ 'ಹೂಂ' ನಿಂತುಹೋಯಿತು. ಆ ಹುಡುಗನ 'ಹು' ಇತ್ತಲ್ಲ, ಅದರ ಕೊಂಬು ಕಾಯಿತುಂಬಿದ ಹುಣಸೆಯಂತೆ ಬಾಗಿ ಕೆಳಗಿಳಿದಿತ್ತು. ತಲೆಕಟ್ಟು ಎಳೆ ಚಿಗುರು. ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ. ಬಾಳಿಡೀ ಹಕಾರದ ಚಾಕರಿ ಮಾಡಿದ ಹಾಲೇಶ ಅಂಥ ಒಂದು ಹಕಾರವನ್ನು ಬರೆದಿರಲಿಲ್ಲ. ಈ ಹುಡುಗ ಗಡ್ಡ ಬರುವ ಮೊದಲೇ ಬರೆದಿದ್ದ. ಅದನ್ನು ಮೂಡಲಗಿರಿಯ ಶೆಡ್ಡಿನ ಮೇಲೆ, ಮೂಡಲಗಿರಿಯ ಟೆಂಪೋಗಳ ಮೇಲೆ, ಬೆಂಗಳೂರಿನ ಪ್ರತಿ ಅಂಗಡಿಯಲ್ಲಿ ಕಲ್ಪಿಸಿಕೊಂಡ. ಮುಂದಿನ ವರ್ಷದ ಶಾಲು ಇವನ ಹೆಗಲಿಗೆ ಬೀಳುವುದನ್ನೂ ಕಲ್ಪಿಸಿಕೊಂಡ. ಬೇಡವಾಗಿದ್ದ ಶಾಲು ಇನ್ನೊಬ್ಬನಿಗೆ ಹೋಗುವುದೆಂದಾಗ ಎಷ್ಟು ಬೆಚ್ಚಗೆ ಕಾಣುತ್ತದೆ!

"ಬೇಡ," ಅಂದ ಹಾಲೇಶ.

"ಯಾಕ್ ಸರ್? ಇದೇ ಸರಿಯಾದ ಸ್ಪೆಲಿಂಗ್ ಅಲ್ವಾ?" ಹುಡುಗನಿಗೆ ಆಶ್ಚರ್ಯ.

"ಸರಿ ಇದೆ. ಅದೇ ತೊಂದರೆ. ಎಲ್ಲರ ಹತ್ರನೂ ಸರಿ ಇದೆ." ಹಾಲೇಶನಿಗೆ ತನ್ನ ಬಾಯಿಂದ ಏನು ಬರುತ್ತಿದೆ ಎಂದು ತಾನೇ ಕೇಳಿಸಿಕೊಳ್ಳುವಂತಾಯಿತು. "ಈ ದಾಸಮ್ಮನ್ನ ಕೇಳು, ಅವರ ಕೈಲಿರೋದು ಏನು ಅಂತ."

"ಉಣಸೆ ಕಣಪ್ಪ. ಕಣ್ ಕಾಣಾಕಿಲ್ವಾ?" ಅಂದಳು ದಾಸಮ್ಮ. ಹೆಂಗಸರೆಲ್ಲ ಘೊಳ್ಳೆಂದು ನಕ್ಕರು.

ಚೇತನ್ ಕುಮಾರ್ ಕೂಡ ನಕ್ಕ. ಕಂಪನಿಯವರಿಗೆ ಫೋನು ಮಾಡಿ ಕೇಳುತ್ತೇನೆ ಎಂದು ಹೊರಗೆ ಹೋದ. ಸಿಗ್ನಲ್ ಹುಡುಕುತ್ತ ಬೇಲಿಯ ಬದಿಯಲ್ಲಿ ಅತ್ತಿಂದಿತ್ತ ಓಡಾಡತೊಡಗಿದ.

ಮೂಡಲಗಿರಿ ಮೂಟೆಯಿಂದ ಎದ್ದು ಹಾಲೇಶನ ತೋಳು ಹಿಡಿದು ಶೆಡ್ಡಿನ ಹಿಂದಿನ ನೆರಳಿಗೆ ಕರೆದುಕೊಂಡು ಹೋದ. ಅವನ ಮುಖದಲ್ಲಿ ಒಂದು ತರಹದ ತುಂಟ ನಗು.

"ನೀನ್ ಊಂ ಅಂತೀಯ ಅಂದ್ಕಂಡಿದ್ದೆ ಕಣ್ಲಾ."

"ಯಾಕೆ?"

"ಬೇಕಂತ್ಲೇ ತಪ್ ಬರ್ದೋನು, ಬೇಕಂತ್ಲೇ ಸರಿನೂ ಮಾಡ್ತೀಯ ಅಂತ."

ಹಾಲೇಶ ತೋಳು ಬಿಡಿಸಿಕೊಂಡ. "ಏ, ಯಾರೋ ಹೇಳಿದ್ದು ನಿಂಗೆ..."

"ಯಾರ್ ಯಾಕ್ ಏಳ್ಬೇಕು? 'ಅ' ಅನ್ನಕ್ ಬರಾಕಿಲ್ಲ ಕಣ್ಲಾ ನಂಗೆ. ಓದಕ್ ಬತ್ತದೆ!" ಅವನು ಅಂದದ್ದು 'ಹ' ಎಂದು ಹಾಲೇಶನಿಗೆ ಅರ್ಥವಾಯಿತು. "ಊರ್ನಾಗಿರೋ ಬೋರ್ಡಿಗೆಲ್ಲ ಮೂಲೇಲಿ 'ಆಲೇಶ್ ಆರ್ಟ್ಸ್' ಅಂತ ನೀನ್ ರುಜು ಆಕಿದ್ದೆ. ನಂದ್ರಾಗೆ ಮಾತ್ರ ಆಕಿರ್ಲಿಲ್ಲ. ತಗಡು ಟೆಂಪೋಗ್ ಏರ್ಸ್ವಾಗ್ಲೇ ನೋಡ್ಕಂಡೆ. ಓಓ, ನಮ್ ಆಲೇಶಂಗೆ ಒಟ್ಟೆ ಉರ್ದದೆ ಅಂತ."

"ಮತ್ತೆ... ಮತ್ಯಾಕ್ ಅಳಿಸಲಿಲ್ಲ?"

"ಅಳುಸುದ್ರೆ ನೀನ್ ಗೆದ್ದಂಗಾಯ್ತಿತ್ತು. ಅದ್ಕೇ ಉಳುಸ್ಕಂಡೆ." ಮೂಡಲಗಿರಿ ಒಂದು ಹುಣಸೆ ಸಿಪ್ಪೆಯನ್ನು ಉಗುರಿನಿಂದ ಸಿಡಿಸಿದ. "ಅಲ್ಲ ಕಣ್ಲಾ, ನಿಂಗೊಬ್ಬಂಗೇ ಉರಿ ಅಂದ್ಕಂಡಿದ್ಯಾ? ಆಸ್ಟೆಲ್ನಾಗಿಂದ್ಲೂ ನಿನ್ ಅಕ್ಸರ ಕಂಡ್ರೆ ನಂಗ್ ಬೆಂಕಿ ಬೀಳ್ತಿತ್ತು. ನಮ್ಮಪ್ಪ ನಿನ್ ಕಾಗ್ದ ನೋಡಿ, 'ಮಗ ಅಂದ್ರೆ ಇಂಗಿರ್ಬೇಕು' ಅನ್ನೋನು. ನೀನ್ ಪಾಠ ಏಳ್ಕೊಡಕ್ ಬಂದ್ಯಲ್ಲ ಆ ಬ್ಯಾಸ್ಗೇ, ನಮ್ಮವ್ವ ನಿಂಗ್ ತುಪ್ಪ ಬುಟ್ಳು. ನಂಗಿಲ್ಲ."

ಹಾಲೇಶ ಶೆಡ್ಡಿನ ಗೋಡೆಗೆ ಒರಗಿದ.

"ಆಮೇಲ್ ವರ್ಸ ವರ್ಸ ನಿನ್ನ ಕರ್ಸಿ ಶಾಲ್ ಒದುಸ್ತಿದ್ನಲ್ಲ, ಯಾಕ್ ಅಂದ್ಕಂಡೆ? ನಿನ್ ಮಕ ನೋಡಾಕೆ. ಆ ಪೋಟೋ ಎಲ್ಲ ಮನ್ಯಾಗ್ ಗ್ವಾಡೇಗ್ ಆಕಿವ್ನಿ. ಬ್ಯಾಸ್ರ ಆದಾಗ ಒಂದ್ಸಲ ನೋಡ್ತೀನಿ, ಚೆನ್ನಾಗ್ ನಿದ್ದೆ ಬತ್ತದೆ."

ಹೊದಿಸುವುದಕ್ಕೂ ಒದೆಯುವುದಕ್ಕೂ ಮೂಡಲಗಿರಿಯ ಬಾಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಅವನ ಮನಸ್ಸಿನಲ್ಲೂ ಇರಲಿಲ್ಲ ಎನ್ನುವುದು ಹಾಲೇಶನಿಗೆ ಈಗ ತಿಳಿಯಿತು. ಬೀರು ತುಂಬ ಇರುವುದು ಶಾಲಲ್ಲ, ಒದೆ. ಮಡಿಸಿಟ್ಟ ಒದೆಗಳು. ಒಂದು ಮಿಕ್ಸಿಯ ಮೇಲೆ.

ಮೊದಲು ಸಿಟ್ಟು ಬಂತು. ಅದರ ಹಿಂದೆಯೇ, ನೂಕಿಕೊಂಡು, ಒಂದು ವಿಚಿತ್ರ ಸಂತೋಷ ಬಂತು. ಟೆಂಪೋಗಳ ಒಡೆಯ, ಶೆಡ್ಡುಗಳ ಧಣಿ, ಬೆಂಗಳೂರಿನ ಕಂಪನಿಯನ್ನು ಕಾಯಿಸಿ ನಿಲ್ಲಿಸಿದವನು, ಇವನು ಇಷ್ಟು ವರ್ಷ ನನ್ನನ್ನು ಕಂಡು ಉರಿದಿದ್ದಾನೆ! ನನ್ನ ಅಕ್ಷರಕ್ಕೆ! ನನಗೆ ಬಿದ್ದ ತುಪ್ಪಕ್ಕೆ! ಹಾಲೇಶನಿಗೆ ಬೆನ್ನು ನೆಟ್ಟಗಾಯಿತು. ಡ್ರಾಯಿಂಗ್ ಮೇಷ್ಟರ ಆರ್ಡರು ಬಂದಿದ್ದರೂ ಇಷ್ಟು ಹಿಗ್ಗುತ್ತಿರಲಿಲ್ಲವೇನೋ.

ಅಷ್ಟರಲ್ಲಿ ಚೇತನ್ ಕುಮಾರ್ ಬಂದ. ಕಂಪನಿಯವರು ಹೆಸರಿಗೆ ಒಪ್ಪಿಲ್ಲ, ಒಪ್ಪದೆಯೂ ಇಲ್ಲ, ಮೊದಲ ಲೋಡು ಹಳೇ ಹೆಸರಲ್ಲೇ ಕಳಿಸಿ, ಖರ್ಚಾದರೆ ನೋಡೋಣ, ಆಗದಿದ್ದರೆ ವಾಪಸ್ಸು ಎಂದಿದ್ದರು. ವಾಪಸ್ಸಾದರೆ ಈ ಶೆಡ್ಡಿನ ಗತಿ ಏನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಜ್ಜಿಗೆಯ ಚೊಂಬು ಹಿಡಿದು ಹಿಂದೆಯೇ ಬಂದ ರಾಧಾಮಣಿ ಹಾಗೇ ನಿಂತಳು. ಮೂಡಲಗಿರಿ ಹಾಲೇಶನ ಕಡೆ ತಿರುಗಿದ. ಈಗ ನಗು ಇರಲಿಲ್ಲ.

"ಇನ್ನೂ ಒತ್ತೈತೆ. ಊಂ ಅಂದ್ಬುಡು ಬೇಕಾದ್ರೆ. ಮುಳುಗುದ್ರೆ ನಾನೊಬ್ನೇ ಅಲ್ಲ, ಈ ಎಂಗಸ್ರೂ ಮನೇಗ್ ಓಯ್ತಾರೆ."

"ಏಣಿ ಎಲ್ಲಿದೆ?" ಅಂದ ಹಾಲೇಶ.

ಬಣ್ಣ ತರಿಸಿದರು. ಶೆಡ್ಡಿನ ಹೊರಗೋಡೆಗೆ ಏಣಿ ಒರಗಿಸಿ ಹಾಲೇಶ ಹತ್ತಿದ. ಕೆಳಗೆ ಮೂಡಲಗಿರಿ ಏಣಿ ಹಿಡಿದುಕೊಂಡ. ಮಧ್ಯಾಹ್ನದ ಬಿಸಿಲು, ಪಕ್ಕದ ಗಾಜಿನ ಹಲಗೆಗಳಿಂದ ಎದ್ದ ಇನ್ನೊಂದು ಬಿಸಿಲು. ಹಾಲೇಶ ಉಕಾರ ಎಳೆದ. ಕೈ ನಡುಗಿತು. ನಡುಗಬಾರದು ಎಂದುಕೊಂಡಷ್ಟೂ ನಡುಗಿತು. ಇದು ಸರಿ ಬರದಿದ್ದರೆ ಕೆಳಗೆ ನಿಂತ ಚೇತನ್ ಕುಮಾರನ ಹಕಾರ ಗೆಲ್ಲುತ್ತದೆ. ಇದು ಸರಿ ಬಂದು, ಮಾಲು ಖರ್ಚಾದರೆ ಮೂಡಲಗಿರಿ ಗೆಲ್ಲುತ್ತಾನೆ. ತನಗೆ ಗೆಲ್ಲುವ ಬಾಗಿಲು ಯಾವುದೂ ಉಳಿದಿಲ್ಲ ಎಂದು ಏಣಿಯ ತುದಿಯಲ್ಲಿ ಹೊಳೆದಾಗ ಹಾಲೇಶನಿಗೆ ನಗು ಬಂತು. ನಕ್ಕಮೇಲೆ ಕೈ ನೆಟ್ಟಗೆ ನಿಂತಿತು.

"ಣ ಸೊಟ್ಟ ಆಯ್ತದೆ ನೋಡ್ಲಾ," ಎಂದ ಕೆಳಗಿನಿಂದ ಮೂಡಲಗಿರಿ.

"ನೀನು ಮುಚ್ಕೊಂಡು ಏಣಿ ಹಿಡ್ಕೋ."

"ಇಡ್ಕಂಡೇ ಇವ್ನಿ. ಬುಟ್ರೆ ಗೊತ್ತಾಯ್ತದೆ ನಿಂಗೆ."

ಣಕಾರ ಮುಗಿಯಿತು. ಸೆಕಾರಕ್ಕೆ ಕುಂಚ ಅದ್ದುವಾಗ ಹಾಲೇಶನ ತಲೆಗೆ ಒಂದು ಯೋಚನೆ ಬಂತು. ತಾನು ಇಷ್ಟು ವರ್ಷ ಉರಿದದ್ದು ಇಡೀ ಊರಿಗೆ ಕಂಡಿದೆ. ಹೆಂಡತಿಗೆ ಕಂಡಿದೆ, ಫೋಟೋಗಳಿಗೆ ಕಂಡಿದೆ. ಇವನು ಉರಿದದ್ದು ಒಂದು ನರಪಿಳ್ಳೆಗೂ ಗೊತ್ತಾಗಿಲ್ಲ. ಅದೂ ನಗುನಗುತ್ತ, ಹಾರ ಹಾಕಿ! ಅಕ್ಷರದಲ್ಲಿ ತಾನು ಮುಂದಿದ್ದರೇನು ಬಂತು? ಹೊಟ್ಟೆಕಿಚ್ಚು ಪಡುವುದರಲ್ಲೂ ಈ ನನ್ಮಗ ತನಗಿಂತ ಮುಂದೆ.

"ಲೇ ಮೂಡ್ಲಾ," ಎಂದು ಮೇಲಿಂದಲೇ ಕರೆದ.

"ಏನ್ಲಾ?"

"ನಿಜ ಹೇಳು. ನನ್ನ ಕಂಡ್ರೆ ಎಷ್ಟು ಉರೀತಿತ್ತು? ನಂದಕ್ಕಿಂತ ಹೆಚ್ಚೋ, ಕಡಿಮೆಯೋ?"

ಮೂಡಲಗಿರಿ ಏಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮೇಲೆ ನೋಡಿದ.

"ಏಳಾಕಿಲ್ಲ, ಓಗ್ಲಾ," ಅಂದ.

ಹಾಲೇಶನಿಗೆ ಆವತ್ತಿನಿಂದ ಹೊಸ ಉರಿ ಶುರುವಾಗಿದೆ.